ಹಿತ್ತಾಳೆ ಬಿಲ್ಲೆಯಿಂದ 15 ನಿಮಿಷದ ಟೋಕನ್‌ವರೆಗೆ

ಪರ್ಕಳದಿಂದ ಮಾತಾಡ್ತಾ ಇದ್ದೇನೆ. ಇವತ್ತು ಒಂದು ಟೋಕನ್ ಕತೆ.

ನಮ್ಮ ಪಕ್ಕದ ಮಣಿಪಾಲ ಅಂದ್ರೆ ಹಿರಿಯರಿಗೆ ನೆನಪಾಗೋದು ಸಿಂಡಿಕೇಟ್ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಬ್ಯಾಂಕ್. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿಗೆ ಹೋಗ್ತಿದ್ದವರನ್ನು ಕೇಳಿ, ಹಿತ್ತಾಳೆ ಟೋಕನ್ ಬಗ್ಗೆ ಹೇಳ್ತಾರೆ. ಚೆಕ್ ಕೊಟ್ಟರೆ ನಂಬರ್ ಇರುವ ಬಿಲ್ಲೆ ಸಿಗ್ತಿತ್ತು. ಒಳಗೆ ಲೆಡ್ಜರ್ ನೋಡಿ, ಸಹಿ ತಾಳೆ ಮಾಡಿ, ಕ್ಯಾಶಿಯರ್ ನಂಬರ್ ಕೂಗಿದಾಗ ಬಿಲ್ಲೆ ವಾಪಸ್ ಕೊಟ್ಟು ದುಡ್ಡು ತಗೊಳ್ಳೋದು. ಅಲ್ಲಿಗೆ ಬಿಲ್ಲೆಯ ಕೆಲಸ ಮುಗೀತು.

ಒಂದು ವಿಷಯ ನೆನಪಿಡಿ: ಬಿಲ್ಲೆ ಕೊಟ್ಟಾದ ಮೇಲೆ, ನೋಟು ಎಣಿಸುವ ಮಧ್ಯದಲ್ಲಿ ಯಾರೂ ಮತ್ತೆ ಟೋಕನ್ ಕೇಳ್ತಿರಲಿಲ್ಲ.

ಕಂಪ್ಯೂಟರ್ ಲೋಕಕ್ಕೂ ಇದೇ ಯೋಚನೆ ಬಂತು. 1983ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಥೆನಾ ಯೋಜನೆ ಶುರುವಾಯ್ತು. ಅದರಿಂದ ಹುಟ್ಟಿದ ಕೆರ್ಬೆರೋಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಒಮ್ಮೆ ಕೊಟ್ಟರೆ ಸುಮಾರು 8 ಗಂಟೆ ನಡೆಯುವ ಟಿಕೆಟ್ ಸಿಗ್ತಿತ್ತು. 2012ರಲ್ಲಿ ಓಆತ್ 2.0 ನಿಯಮ ಬಂತು. 2017ರಲ್ಲಿ ಅಮೆಜಾನ್ ತನ್ನ ಕ್ಲೌಡ್ ಡೇಟಾಬೇಸ್‌ಗೆ ಪಾಸ್‌ವರ್ಡ್ ಬದಲು ಟೋಕನ್ ಕೊಟ್ಟು ಒಳಗೆ ಹೋಗುವ ದಾರಿ ಮಾಡ್ತು. ಅದರ ಆಯುಷ್ಯ 15 ನಿಮಿಷ. ಕದ್ದ ಪಾಸ್‌ವರ್ಡ್ ಯಾರಾದ್ರೂ ಬದಲಿಸುವವರೆಗೆ ನಡೀತದೆ. ಕದ್ದ ಟೋಕನ್ ಕಾಲು ಗಂಟೆಯಲ್ಲಿ ಸತ್ತು ಹೋಗ್ತದೆ.

ಇನ್ನೊಂದು ಕಡೆ, ಡೇಟಾಬೇಸ್‌ಗೆ ಪ್ರತಿ ಸಲ ಹೊಸ ಕನೆಕ್ಷನ್ ತೆರೆಯೋದು ನಿಧಾನದ ಕೆಲಸ. ಹಾಗಾಗಿ ಆ್ಯಪ್‌ಗಳು ಕೆಲವು ಕನೆಕ್ಷನ್ ತೆರೆದೇ ಇಟ್ಟುಕೊಳ್ತವೆ. ಇದಕ್ಕೆ ಕನೆಕ್ಷನ್ ಪೂಲ್ ಅಂತಾರೆ. ಜಾವಾದವರು ಬಳಸುವ ಹಿಕಾರಿಸಿಪಿಯಲ್ಲಿ, ನಾವೇನೂ ಬದಲಿಸದಿದ್ರೆ, ಗರಿಷ್ಠ 10.

ಇವೆರಡೂ ಸೇರಿದಾಗ ಗಲಾಟೆ. ಬೆಳಿಗ್ಗೆ 9ಕ್ಕೆ ಆ್ಯಪ್ ಶುರುವಾಯ್ತು ಅಂತಿಟ್ಟುಕೊಳ್ಳಿ. ಟೋಕನ್ ತಗೊಂಡು, ಪಾಸ್‌ವರ್ಡ್ ಜಾಗದಲ್ಲಿ ಬರೆದಿಟ್ಟು, ನಾಲ್ಕು ಕನೆಕ್ಷನ್ ತೆರೀತು. 9.15ಕ್ಕೆ ಟೋಕನ್ ಸತ್ತಿತು. ಆದ್ರೆ ತೆರೆದ ಕನೆಕ್ಷನ್ ನಡೀತಾನೇ ಇರ್ತದೆ, ಯಾಕಂದ್ರೆ ಟೋಕನ್ ನೋಡೋದು ಬಾಗಿಲಲ್ಲಿ ಮಾತ್ರ. 9.40ಕ್ಕೆ ಜನ ಜಾಸ್ತಿಯಾದ್ರು, ಐದನೇ ಕನೆಕ್ಷನ್ ಬೇಕಾಯ್ತು. ಪೂಲ್ ಹಳೇ ಟೋಕನ್ ತೋರಿಸ್ತದೆ, ಡೇಟಾಬೇಸ್ ಒಳಗೆ ಬಿಡೋದಿಲ್ಲ. ಪರೀಕ್ಷೆ ಮಾಡುವಾಗ ಸರಿ ಇದ್ದ ಆ್ಯಪ್ ಜನ ಸೇರಿದ ಹೊತ್ತಿಗೇ ಕೈಕೊಡೋದು ಹೀಗೆ.

ಆಗ 'ಪಾಸ್‌ವರ್ಡೇ ಸಾಕಿತ್ತು' ಅಂತ ಹಿಂದೆ ಹೋಗೋದು ತಪ್ಪು. ಟೋಕನ್ ಬರೆದಿಡಬಾರದು, ಹೊಸ ಕನೆಕ್ಷನ್ ತೆರೆಯುವ ಪ್ರತಿ ಸಲ ಪೂಲ್ ಹೊಸ ಟೋಕನ್ ಕೇಳಬೇಕು. ಅಷ್ಟೇ.

ಇನ್ನೊಂದು ಮಾತು, ಇದು ಹೆಚ್ಚು ಮುಖ್ಯ. ಒಬ್ಬರು ಕೆಲಸ ಬಿಟ್ಟರು, ಅವರ ಅನುಮತಿ ತೆಗೆದಾಯ್ತು, ಟೋಕನ್ ಕೂಡ ಸತ್ತಿತು. ಆದ್ರೂ ಅವರು ಮೊದಲೇ ತೆರೆದ ಕನೆಕ್ಷನ್ ಬದುಕಿರಬಹುದು. ಹಿಕಾರಿ 30 ನಿಮಿಷ ಆದ ಕನೆಕ್ಷನ್ ಮುಚ್ತದೆ, ಆದ್ರೆ ಕೆಲಸದಲ್ಲಿ ಇರೋದನ್ನು ಮಧ್ಯದಲ್ಲಿ ಕತ್ತರಿಸೋದಿಲ್ಲ. ತಕ್ಷಣ ನಿಲ್ಲಿಸಬೇಕಾದ್ರೆ ಡೇಟಾಬೇಸ್‌ನಲ್ಲೇ ಹೋಗಿ ಮುಚ್ಚಬೇಕು.

ನಾನು ಬಿ.ಕಾಂ ಓದಿದವ. ಲೆಕ್ಕದ ಭಾಷೆಯಲ್ಲೇ ಹೇಳ್ತೇನೆ: ಬಿಲ್ಲೆ ವಾಪಸ್ ಬಂತು ಅಂದ ಮಾತ್ರಕ್ಕೆ ಕೌಂಟರ್ ಮುಚ್ಚಿತು ಅಂತ ಅಲ್ಲ. ಎರಡನ್ನೂ ಬೇರೆ ಬೇರೆ ನೋಡಬೇಕು. ಮುಂದಿನ ಕಂತಿನಲ್ಲಿ ಸಿಗುವಾ.