ಕಟಕಟೆಯಲ್ಲಿ ಮಾತ್ರ

ವಿಟ್ಟೋರಿಯೊ ಡಿ ಸಿಕಾ ನಮ್ಮಲ್ಲಿ 'ಬೈಸಿಕಲ್ ಥೀವ್ಸ್' ಚಿತ್ರದ ನಿರ್ದೇಶಕನೆಂದೇ ಪರಿಚಿತ. ಆತ ನಟನೂ ಹೌದು. ವಾಚಾಳಿ ಪಾತ್ರಗಳೆಂದರೆ ಆತನಿಗೆ ಹೇಳಿ ಮಾಡಿಸಿದಂತೆ. ಅಲೆಸ್ಸಾಂಡ್ರೊ ಬ್ಲಾಸೆಟ್ಟಿ 1952ರಲ್ಲಿ ನಿರ್ದೇಶಿಸಿದ 'ಆಲ್ತ್ರಿ ತೆಂಪಿ' ಹಿಂದಿನ ಕಾಲದ ಕಥೆಗಳನ್ನು ಪೋಣಿಸಿದ ಚಿತ್ರ. 'ಫ್ರಿನೆಯ ವಿಚಾರಣೆ' ಎಂಬ ಅದರ ಕೊನೆಯ ಕಥೆಯಲ್ಲಿ ಡಿ ಸಿಕಾ ವಕೀಲ, ಜೀನಾ ಲೊಲ್ಲೊಬ್ರಿಜಿಡಾ ಆರೋಪಿ.

ಮನೆಯವರಿಗೆ ವಿಷವಿಕ್ಕಿದ ಆರೋಪ ಹೊತ್ತ ಸಾಮಾನ್ಯ ಹೆಣ್ಣು ಈಕೆ. ವಕೀಲನ ಬಳಿ ಸಾಕ್ಷ್ಯವಿಲ್ಲ, ಮಾತಿದೆ. ಬುದ್ಧಿಯಲ್ಲಿ ಕೊರತೆಯುಳ್ಳವರನ್ನು ಕಾನೂನು ಕ್ಷಮಿಸುವುದಾದರೆ, ದೇಹದಲ್ಲಿ ಹೆಚ್ಚಳವುಳ್ಳ ಇವಳನ್ನೇಕೆ ಕ್ಷಮಿಸಬಾರದು ಎಂಬುದು ಅವನ ವಾದದ ತಿರುಳು. ಇಟಾಲಿಯನ್ನಿನ 'ಮಿನೊರಾತೊ', 'ಮಜ್ಜೊರಾತಾ' ಪದಗಳ ಈ ಚಮತ್ಕಾರ ಕನ್ನಡಕ್ಕೆ ಬರುವಾಗ ಅರ್ಧ ಸೋರಿಹೋಗುತ್ತದೆ. ಅವಳು ಬಿಡುಗಡೆಯಾಗುತ್ತಾಳೆ. 'ಮಜ್ಜೊರಾತಾ' ಎಂಬುದು ಆ ದಶಕದ ತುಂಬುಮೈಯ ನಟಿಯರಿಗೆಲ್ಲ ಅಂಟಿಕೊಂಡ ಹೆಸರಾಯಿತು. ಆದರೆ ತನ್ನದೇ ವಿಚಾರಣೆಯಲ್ಲಿ ಆ ಹೆಣ್ಣು ಇರುವುದು ನೋಡಿಸಿಕೊಳ್ಳುವುದಕ್ಕೆ. ಬ್ಲಾಸೆಟ್ಟಿ ಇದನ್ನು ಟೀಕೆಯಾಗಿ ತೋರಿಸಿದ್ದಾನೆಂದು ನಾನು ಹೇಳಲಾರೆ; ಕ್ಯಾಮೆರಾ ವಕೀಲನ ಪಕ್ಷವನ್ನೇ ವಹಿಸಿದೆ.

ಶೀರ್ಷಿಕೆಯ ಫ್ರಿನೆ ಪ್ರಾಚೀನ ಅಥೆನ್ಸಿನ ಗಣಿಕೆ. ದೈವನಿಂದೆಯ ಆರೋಪ ಬಂದಾಗ, ಮಾತು ಸೋಲುತ್ತಿರುವುದನ್ನು ಕಂಡ ಅವಳ ವಕೀಲ ಹೈಪರೈಡಿಸ್ ನ್ಯಾಯಾಧೀಶರ ಮುಂದೆ ಅವಳ ಎದೆಯ ವಸ್ತ್ರವನ್ನು ಸರಿಸಿದನೆಂಬುದು ಐತಿಹ್ಯ. ಆ ಹೆಸರನ್ನು ತನ್ನ ಕಾಲದ ನ್ಯಾಯಾಲಯಕ್ಕೆ ತಂದವನು ಎದೊಆರ್ದೊ ಸ್ಕಾರ್ಫೋಲ್ಯೊ. ಚಿತ್ರಕ್ಕೆ ಆಧಾರವಾದ ಅವನ ಕಥೆ ಪುಸ್ತಕವಾಗಿ ಬಂದದ್ದು 1884ರಲ್ಲಿ.

ಅದೇ 1884ರಲ್ಲಿ ಇಟಲಿಯ ನಿಜವಾದ ನ್ಯಾಯಾಲಯವೊಂದರಲ್ಲಿ ಇನ್ನೊಂದು ಹೆಣ್ಣಿನ ಪ್ರಕರಣ ಮುಗಿಯಿತು. ಹಿಂದಿನ ವರ್ಷವಷ್ಟೇ ಲಿದಿಯಾ ಪೊಎತ್ ಟ್ಯೂರಿನ್ನಿನ ವಕೀಲರ ಪಟ್ಟಿಗೆ ಸೇರಿದ್ದಳು. ಕೆಲವೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಆಕೆಯ ಹೆಸರನ್ನು ತೆಗೆದುಹಾಕಿತು. ಉಚ್ಚ ನ್ಯಾಯಪೀಠವೂ ಅದನ್ನೇ ಎತ್ತಿಹಿಡಿಯಿತು. ಮೇಲ್ಮನವಿಯ ತೀರ್ಪಿನಲ್ಲಿ ಹೆಂಗಸರ ವಿಚಿತ್ರ ಉಡುಪಿನ ಮೇಲೆ ವಕೀಲರ ನಿಲುವಂಗಿ ಹೇಗೆ ಕಂಡೀತೆಂಬ ಆತಂಕವಿತ್ತು. ಚೆಲುವೆಯಾದ ವಕೀಲೆ ವಾದಿಸಿ ಗೆದ್ದರೆ, ನ್ಯಾಯದ ತಕ್ಕಡಿ ವಾಲಿತೆಂದು ಜನ ಸಂಶಯಪಟ್ಟಾರೆಂಬ ಭಯವೂ ಇತ್ತು. ಅಂದರೆ ಕಟಕಟೆಯಲ್ಲಿ ನಿಂತ ಚೆಲುವಿಗೆ ತಕ್ಕಡಿ ವಾಲಿದರೆ ಅದು ವಿನೋದ. ವಾದಿಸಲು ನಿಂತ ಚೆಲುವಿಗೆ ವಾಲಿದರೆ ಅಪಾಯ! ತೀರ್ಪು ಬರೆದವರು ನಗಿಸಲು ಹೊರಟಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಪೊಎತ್ ಮರಳಿ ವಕೀಲರ ಪಟ್ಟಿ ಸೇರಿದ್ದು 1920ರಲ್ಲಿ, ಅರವತ್ತೈದರ ಅಂಚಿನಲ್ಲಿ. ಅದಕ್ಕೆ ದಾರಿ ಮಾಡಿದ 1919ರ ಕಾನೂನು ವೃತ್ತಿಗಳನ್ನು ಹೆಂಗಸರಿಗೆ ತೆರೆದರೂ ನ್ಯಾಯಾಧೀಶರ ಪೀಠವನ್ನು ಹೊರಗಿಟ್ಟಿತು. ಎರಡನೆಯ ಮಹಾಯುದ್ಧದ ಬಳಿಕ ಸಂವಿಧಾನ ಸಭೆಯಲ್ಲಿ 556 ಸದಸ್ಯರಲ್ಲಿ 21 ಮಂದಿ ಮಹಿಳೆಯರು. ಹೆಣ್ಣು ನ್ಯಾಯಾಧೀಶೆಯಾಗಬಹುದೇ ಎಂಬ ಪ್ರಶ್ನೆ ಅಲ್ಲಿ ಬಂತು, ಚರ್ಚೆಯಾಯಿತು, ಸ್ಪಷ್ಟ ಉತ್ತರ ಸಿಗಲಿಲ್ಲ.

ಹೀಗಾಗಿ 1952ರ ಪ್ರೇಕ್ಷಕರು ಬೆಳ್ಳಿತೆರೆಯಲ್ಲಿ ಗಂಡಸರೇ ತುಂಬಿದ ಪೀಠವನ್ನು ಕಂಡಾಗ ಅದು ಬರೀ ಗತಕಾಲದ ಚಿತ್ರವಾಗಿರಲಿಲ್ಲ. ಟಾಕೀಸಿನಿಂದ ಹೊರಬಂದು ಊರಿನ ಯಾವ ನ್ಯಾಯಾಲಯಕ್ಕೆ ಹೋದರೂ ಅದೇ ಪೀಠ. 1956ರಲ್ಲಿ ಕ್ರಿಮಿನಲ್ ವಿಚಾರಣೆಯ ಆರು ಜನ ಜ್ಯೂರಿಗಳ ನಡುವೆ ಹೆಂಗಸರಿಗೆ ಜಾಗ ಸಿಕ್ಕಿತು. ಆದರೆ ಕನಿಷ್ಠ ಮೂವರು ಗಂಡಸರಿರಲೇಬೇಕೆಂಬ ಷರತ್ತಿನೊಂದಿಗೆ. ಪೀಠದ ಬಾಗಿಲು ಪೂರ್ತಿ ತೆರೆದದ್ದು 1963ರ ಕಾನೂನಿನಿಂದ. 1965ರಲ್ಲಿ ಮೊದಲ ಎಂಟು ಮಹಿಳೆಯರು ನ್ಯಾಯಾಂಗ ಸೇವೆಗೆ ಸೇರಿದರು. ಲೊಲ್ಲೊಬ್ರಿಜಿಡಾ ತೆರೆಯ ಮೇಲೆ ಬಿಡುಗಡೆಯಾಗಿ ಆಗಲೇ ಹದಿಮೂರು ವರ್ಷ ಕಳೆದಿತ್ತು.