ಗ್ಲ್ಯಾಂಡರ್ಸ್ ಮತ್ತು ಫಾರ್ಸಿ: ಪತ್ತೆ ಹಾಗೂ ಚಿಕಿತ್ಸೆಯ ಇತಿಹಾಸ

ಗ್ಲ್ಯಾಂಡರ್ಸ್ ಕುದುರೆ, ಕತ್ತೆ, ಹೇಸರಗತ್ತೆಗಳ ಅಂಟುರೋಗ. ಮನುಷ್ಯರಿಗೂ ತಗಲುತ್ತದೆ. ಬರ್ಖೋಲ್ಡೇರಿಯಾ ಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ರೋಗ ಚರ್ಮದಲ್ಲಿ ಕಾಣಿಸಿಕೊಂಡರೆ ಫಾರ್ಸಿ ಎನ್ನುತ್ತಾರೆ. ಹಿಂಗಾಲಿನ ಒಳಮೈಯಲ್ಲಿ, ದುಗ್ಧನಾಳಗಳ ಗುಂಟ ಗಂಟುಗಳು ಸಾಲುಗಟ್ಟಿ ಏಳುತ್ತವೆ. ಒಡೆದರೆ ಜೇನಿನಂಥ ಅಂಟು ಕೀವು ಸೋರುತ್ತದೆ. ಹುಣ್ಣು ಬೇಗ ಮಾಯುವುದಿಲ್ಲ. ಈ ರೋಗದ ಚರಿತ್ರೆಯಲ್ಲಿ ಗೆದ್ದದ್ದು ಪತ್ತೆಯೇ ಹೊರತು ಮದ್ದಲ್ಲ.

ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿಗಳಲ್ಲಿ ಹರಿಯುವ ಭೀಮಾ, ಆಳಂದದ ಕಡೆಯಿಂದ ಬಂದು ಅದನ್ನು ಕೂಡುವ ಅಮರ್ಜಾ: ಈ ಸೀಮೆಗೆ ಕುದುರೆ ಹೊಸದಲ್ಲ. ದಖನಿನ ಭೀಮಥಡಿ ತಳಿಗೆ ಹೆಸರು ಬಂದದ್ದೇ ಈ ನದಿಯಿಂದ. 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಕಲಬುರಗಿಗೆ ಕುದುರೆ ಎಂದರೆ ದಂಡಿನ ಬಲ. ಸಂಸ್ಕೃತದ ಶಾಲಿಹೋತ್ರ ಪರಂಪರೆಯ ಅಶ್ವಶಾಸ್ತ್ರವನ್ನು ಅಬ್ದುಲ್ಲಾ ಬಿನ್ ಸಫಿ ಪಾರಸಿಗೆ ತಂದದ್ದು 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಆಶ್ರಯದಲ್ಲಿ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯ, ಮೈಸೂರು ಸೀಮೆಯ ಪದ್ಮಣಪಂಡಿತನ ಹಯಸಾರಸಮುಚ್ಚಯ (1627) ಇದೇ ವಿದ್ಯೆಯ ಗ್ರಂಥಗಳು. ಇವುಗಳಲ್ಲಿನ ಯಾವುದೋ ಹುಣ್ಣಿನ ವರ್ಣನೆಯನ್ನು ಹಿಡಿದು ಇದೇ ಗ್ಲ್ಯಾಂಡರ್ಸ್ ಎಂದುಬಿಡುವುದು ದುಡುಕು. ಕಣ್ಣಳತೆಯಿಂದ ಇದನ್ನು ಗುರುತಿಸುವುದು ಇವತ್ತಿಗೂ ಕಷ್ಟ. ಶಿಲೀಂಧ್ರದಿಂದ ಬರುವ ಎಪಿಜೂಟಿಕ್ ಲಿಂಫಾಂಜೈಟಿಸ್‌ನಲ್ಲೂ ಗಂಟುಗಳು ಹೀಗೆಯೇ ಸಾಲಾಗಿ ಏಳುತ್ತವೆ.

ಗೊಂದಲ ಬಿಡಿಸಿದ್ದು ಪ್ರಯೋಗಾಲಯ. 1882ರಲ್ಲಿ ಜರ್ಮನಿಯ ಲಫ್ಲರ್ ಮತ್ತು ಷುಟ್ಜ್ ರೋಗಾಣುವನ್ನು ಬೇರ್ಪಡಿಸಿದರು. ಅದಾದ ಹತ್ತು ವರ್ಷದೊಳಗೆ ರಷ್ಯಾದ ಹೆಲ್ಮನ್ ಮತ್ತು ಕಾಲ್ನಿಂಗ್ ಆ ರೋಗಾಣುವಿನ ಸಾರದಿಂದಲೇ ಮ್ಯಾಲೀನ್ ತಯಾರಿಸಿದರು. ಕಾಲ್ನಿಂಗ್‌ಗೆ ಇದೇ ರೋಗ ತಗುಲಿ ಪ್ರಾಣ ಹೋಯಿತು. ಮ್ಯಾಲೀನ್ ಪರೀಕ್ಷೆ ಸರಳ. ಕುದುರೆಯ ಕೆಳರೆಪ್ಪೆಯ ಚರ್ಮದೊಳಗೆ 0.1 ಮಿಲಿಲೀಟರ್ ಚುಚ್ಚಿ, 48 ಗಂಟೆ ಬಿಟ್ಟು ನೋಡಬೇಕು. ರೆಪ್ಪೆ ಊದಿಕೊಂಡು ಕಣ್ಣಿನಿಂದ ಕೀವು ಬಂದರೆ ರೋಗವಿದೆ ಎಂದರ್ಥ. ಹೊರಗೆ ಗಂಟೊಂದೂ ಕಾಣದ ಕುದುರೆಯೂ ಹೀಗೆ ಸಿಕ್ಕಿಬೀಳುತ್ತಿತ್ತು. ಮುಂದೆ ರಕ್ತಪರೀಕ್ಷೆಗಳು ಬಂದವು. ಭಾರತದಲ್ಲಿ ಈಗ ಎಲೈಸಾ ಮತ್ತು ಕಾಂಪ್ಲಿಮೆಂಟ್ ಫಿಕ್ಸೇಷನ್ ಪರೀಕ್ಷೆಗಳು ಬಳಕೆಯಲ್ಲಿವೆ. 1985ರಲ್ಲಿ ಹರಿಯಾಣದ ಹಿಸಾರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಮಾತೇ ಅಂತಿಮ.

ಚಿಕಿತ್ಸೆಯ ಕಥೆ ಸಣ್ಣದು. ಗಂಟುಗಳಿಗೆ ಬರೆ ಹಾಕಿದ್ದಾಯಿತು, ಪಾದರಸ, ಪಾಷಾಣಗಳನ್ನು ಕೊಟ್ಟದ್ದಾಯಿತು. ಆಂಟಿಬಯೋಟಿಕ್‌ಗಳು ಬಂದ ಮೇಲೆ ರೋಗ ತಗುಲಿದ ಮನುಷ್ಯರಿಗೆ ತಿಂಗಳುಗಟ್ಟಲೆ ಔಷಧ ಕೊಟ್ಟು ಉಳಿಸುವುದು ಸಾಧ್ಯವಾಯಿತು. ಕುದುರೆಗೆ ಮಾತ್ರ ಆ ಅವಕಾಶವಿಲ್ಲ. ಹುಣ್ಣು ಮಾಯ್ದು ಮೈ ತುಂಬಿಕೊಂಡ ಪ್ರಾಣಿಯೂ ರೋಗಾಣುವನ್ನು ಒಳಗೆ ಇಟ್ಟುಕೊಂಡು, ಒಂದೇ ಬಾನಿಯಲ್ಲಿ ನೀರು ಕುಡಿಯುವ ಉಳಿದವಕ್ಕೆ ಹಂಚುತ್ತದೆ. ಅದಕ್ಕಾಗಿ 1899ರ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯ್ದೆ ರೋಗಿಷ್ಠ ಕುದುರೆಯನ್ನು ವಶಪಡಿಸಿಕೊಂಡು ಕೊಲ್ಲುವ ಅಧಿಕಾರ ಕೊಟ್ಟಿತು. ಕ್ರೂರ ಎನಿಸಬಹುದು, ಆದರೆ ಪಾಶ್ಚಾತ್ಯ ದೇಶಗಳು ರೋಗವನ್ನು ತೊಲಗಿಸಿದ್ದೂ ಇದೇ ದಾರಿಯಲ್ಲಿ.

ಭಾರತದಲ್ಲಿ ತಣ್ಣಗಾದಂತಿದ್ದ ರೋಗ 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ತಲೆಯೆತ್ತಿತು. ಆಳಂದ, ಅಫಜಲಪುರಗಳ ಗಡಿಯಾಚೆ ಇರುವುದೂ ಅದೇ ರಾಜ್ಯ. ಉತ್ತರ ಕರ್ನಾಟಕದ ಕುರಿಗಾಹಿಗಳು ಇಂದಿಗೂ ತಟ್ಟುವಿನ ಬೆನ್ನ ಮೇಲೆ ಕಂಬಳಿ, ಪಾತ್ರೆ, ಎಳೆ ಮರಿಗಳನ್ನು ಹೇರಿಕೊಂಡು ಹೊಲದಿಂದ ಹೊಲಕ್ಕೆ ಅಲೆಯುತ್ತಾರೆ. ಅಂಥವರ ಪಾಲಿಗೆ ಕುದುರೆ ಹೋದರೆ ಸಂಸಾರವೇ ನಿಂತಂತೆ, ಗಂಟು ಕಂಡರೂ ಮುಚ್ಚಿಡಬೇಕೆನಿಸುವುದು ಸಹಜ. ಕೊಲ್ಲಲಾದ ಕುದುರೆಗೆ 25,000 ರೂಪಾಯಿ, ಕತ್ತೆ ಅಥವಾ ಹೇಸರಗತ್ತೆಗೆ 16,000 ರೂಪಾಯಿ ಪರಿಹಾರ ನಿಗದಿಯಾದದ್ದಕ್ಕೆ ಇದೇ ಹಿನ್ನೆಲೆ. 2019ರ ರಾಷ್ಟ್ರೀಯ ಕ್ರಿಯಾ ಯೋಜನೆಯಂತೆ, ಒಂದು ಪ್ರಾಣಿಯಲ್ಲಿ ರೋಗ ಖಚಿತವಾದರೆ ಸುತ್ತಲಿನ ಕುದುರೆ, ಕತ್ತೆಗಳ ಓಡಾಟ ನಿಲ್ಲಿಸಿ, ಅವುಗಳ ರಕ್ತವನ್ನೂ ಪರೀಕ್ಷೆಗೆ ಕಳಿಸಬೇಕು. ಲಸಿಕೆ ಇನ್ನೂ ಬಂದಿಲ್ಲ.