ತಾಳವಾಡಿ: ಘಟ್ಟದ ಮೇಲಿನ ಕನ್ನಡ ಸೀಮೆ

ಈರೋಡು ಜಿಲ್ಲೆಯ ವಾಯವ್ಯ ಅಂಚಿನಲ್ಲಿರುವ ತಾಳವಾಡಿಯು ಕನ್ನಡಿಗರೇ ಹೆಚ್ಚಾಗಿ ನೆಲೆಸಿರುವ ಗಡಿನಾಡು. ಸತ್ಯಮಂಗಲದಿಂದ ಬಣ್ಣಾರಿ ಅಮ್ಮನ ಗುಡಿಯನ್ನು ದಾಟಿ, 27 ಕಡಿದಾದ ತಿರುವುಗಳ ದಿಂಬಂ ಘಟ್ಟವನ್ನೇರಿದರೆ ಈ ಪ್ರಸ್ಥಭೂಮಿಯು ಎದುರಾಗುತ್ತದೆ. ಜಿಲ್ಲಾ ಕೇಂದ್ರವಾದ ಈರೋಡಿಗಿಂತ ಚಾಮರಾಜನಗರವೇ ಇಲ್ಲಿಗೆ ಸಮೀಪ. ಆದರೂ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು.

ಸುತ್ತಲಿನ ಅರಣ್ಯವು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ರಾಗಿ, ಅರಿಶಿನ, ಬಾಳೆ ಬೆಳೆಯುವ ರೈತರು ಆನೆಗಳಿಂದ ಪೈರನ್ನು ಕಾಯಲು ರಾತ್ರಿಯೆಲ್ಲ ಎಚ್ಚರವಿರುವುದುಂಟು. ದೀಪಾವಳಿಯ ತರುವಾಯ ಗುಮಟಾಪುರದ ಬೀರೇಶ್ವರನ ಸನ್ನಿಧಿಯಲ್ಲಿ ಪರಸ್ಪರ ಸಗಣಿ ಎರಚಿ ಆಡುವ ಗೊರೆ ಹಬ್ಬವು ಹೆಸರುವಾಸಿಯಾಗಿದೆ.

ಡಾ. ರಾಜ್‌ಕುಮಾರ್ ಅವರ ಹುಟ್ಟೂರೆಂದು ಹೆಸರಾದ ದೊಡ್ಡ ಗಾಜನೂರು ಇಲ್ಲಿಯೇ ಇದೆ. ನಮ್ಮ ಚೆನ್ನೈಯ ಸ್ಟುಡಿಯೋಗಳಲ್ಲಿ ದಶಕಗಳ ಕಾಲ ದುಡಿದ ಅವರನ್ನು ವೀರಪ್ಪನ್ 2000ದ ಜುಲೈ 30ರಂದು ಅಪಹರಿಸಿದ್ದೂ ಇದೇ ಊರಿನಿಂದ; ಬಿಡುಗಡೆಯಾದುದು 108 ದಿನಗಳ ಬಳಿಕ.

ತಮಿಳು ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ 2006ರ ಕಾಯ್ದೆಯ ನಂತರ ಗಡಿನಾಡ ಕನ್ನಡ ಶಾಲೆಗಳ ಮುಂದಿರುವ ಪ್ರಶ್ನೆಯು ಗಂಭೀರವಾದುದು. ರಾಜ್ಯದ ಭಾಷೆಯನ್ನು ಕಲಿಯುವುದು ಬದುಕಿಗೆ ಅಗತ್ಯ. ಅದರೊಡನೆ ತಾಯ್ನುಡಿಯ ಓದು ಬರಹವೂ ಉಳಿಯಬೇಕು. ಮನೆಮಾತು ಮನೆಯೊಳಗೇ ನಿಂತುಬಿಡುವ ಅಪಾಯವನ್ನು ಚೆನ್ನೈ ಕನ್ನಡಿಗರಾದ ನಾವು ಬಲ್ಲೆವು. ಆದುದರಿಂದ ತಾಳವಾಡಿಯು ನಮಗೆ ದೂರದ ಊರಲ್ಲ.